ನುಂಗಿದ ಗುಳಿಗಿ

ಸಿಹಿ ವಾಸನಿ, ಏನಿಲ್ಲ, ಬಸ್ಸಿನ್ಯಾಗ ಮುಂದಿನ ಸೀಟಿನಾಕಿ ಬಾಳಿಹಣ್ಣ ಸುಲಿಯಾಕತ್ತಾಳ ಅಷ್ಟ, ನಾ ಮಾತ್ರ ಸೆರಗಿನಿಂದ ಮೂಗ ಮುಚ್ಚೀನಿ, ಅರಿವಳಿಕೆ ಗ್ಯಾಸಿನ ವಾಸನಿನೂ ಹಿಂಗ, ಮಾಗಿದ ಹಣ್ಣಿನಂಗ, ನಾಕು ವರ್ಷ ನರೇಗಲ್ಲಿನ ದವಾಖಾನಿಯ ಆಪರೇಶನ್ ಖೋಲ್ಯಾಗ ನರ್ಸ್ ಆಗಿ ನಿಂತು ಅದನ್ನ ಉಸಿರಾಡೀನಿ, ರೋಗಿಗೆ ಒಂದ ತಾಸು, ನನಗ ದಿನಾ — ಉಳಿದ ಗ್ಯಾಸ್ ಹೊರಗ ಒಯ್ಯೂ ಪೈಪ್ ಯಾಕ ಹಾಕಿಲ್ರಿ ಅಂತ ಮೊದಲನೇ ವಾರನ ಕೇಳಿದ್ದೆ, ಹಾಕೋಣ ತಗೋ ಅಂದ್ರು ಸಿದ್ದರಾಮೇಶ ಡಾಕ್ಟರು, ದವಾಖಾನಿನೂ ಅವರದ, ಮಾತೂ ಅವರದ. ಹದಿನಾರನೇ ವಯಸ್ಸಿಗೆ ನನಗ ಫಿಟ್ಸ್ ಬಂದಿತ್ತು, ಗುಳಿಗಿ ಹಚ್ಚಿದ ಮ್ಯಾಲ ಹತ್ತು ವರ್ಷ ಒಂದ ಸಲನೂ ಇಲ್ಲ, ಈ ಕೆಲಸಕ್ಕ ಸೇರಿ ಆರು ತಿಂಗಳಿಗೆ ಮತ್ತ ಸುರು, ಕೈಯಾಗಿನ ಟ್ರೇ ಸುದ್ದಾ ಬಿದ್ದೆ, ನೀ ಗುಳಿಗಿ ತಪ್ಪಸ್ತಿ ವಿದ್ಯಾಶ್ರೀ, ಡಾಕ್ಟರು ಎಲ್ಲಾರ ಮುಂದ ಅಂದ್ರು, ಇಲ್ರಿ ಅಂದ್ರ ನಕ್ಕರು, ಮನಿಯಾಗ ಕಳಕೇಶನೂ ನಂಬಲಿಲ್ಲ, ಕಟ್ಟಿಗೊಂಡ ಗಂಡ, ಮಗ್ಗದಿಂದ ಎದ್ದು ಬಂದು ಬಾಯಿ ತಗಿ ಅಂತಿದ್ದ, ನಾಲಗಿ ಎತ್ತು, ಎತ್ತತಿದ್ದೆ, ನುಂಗಿದ್ದನ್ನ ಹ್ಯಾಂಗ ತೋರಿಸಲಿ, ಹೊಟ್ಟಿ ಸೀಳಿ ತೋರಿಸಲೇನು — ಆಮ್ಯಾಲ ಆ ಮುಂಜಾನಿ, ಮೂರು ವರ್ಷದ ಉಮಾ ನನ್ನ ಕಂಕುಳಾಗ, ಕಣ್ಣ ತಗದಾಗ ನಾ ಅಂಗಳದಾಗ ಬಿದ್ದೀನಿ, ಮಗಳ ಹಣಿ ಒಡದೈತಿ, ನಾಕು ಹೊಲಿಗಿ, ಅವತ್ತಿನಿಂದ ಅವ ಕೂಸನ್ನ ನನ್ನ ಕೈಗೆ ಕೊಟ್ಟಿಲ್ಲ.

ರಜಾ ಹಾಕಿ ಹುಬ್ಬಳ್ಳಿಗೆ ಹ್ವಾದೆ, ನಾಹೀದ ಡಾಕ್ಟರ್ ರಕ್ತ ತಗಸಿದ್ರು, ಗುಳಿಗಿ ಅಂಶ ಬೇಕಾದ್ದಕ್ಕ ಅರ್ಧನೂ ಇರಲಿಲ್ಲ, ಅವರೂ ಬೈತಾರ ಅಂತ ತಲಿ ಬಗ್ಗಿಸಿದ್ದೆ, ಬೈಲಿಲ್ಲ, ಇದ ಗುಳಿಗಿ ಇಷ್ಟ ನುಂಗು, ತಿಂಗಳ ಬಿಟ್ಟು ಬಾ ಅಂದ್ರು, ದವಾಖಾನಿಗೆ ಹೋಗದ ಮನಿಯಾಗ ಕುಂತು ಅದ ಗುಳಿಗಿ ಅಷ್ಟ ನುಂಗಿದೆ, ಈ ಸಲ ರಕ್ತ ಸರಿ ಐತಿ, ಕೆಲಸ ಎಲ್ಲೆ ಮಾಡತಿ ಅಂತ ಆಗ ಕೇಳಿದ್ರು. ಲಿವರಿನ್ಯಾಗ ಔಷಧ ಒಡಿಯೂ ಕಿಣ್ವ ಇರತಾವಂತ, ಗ್ಯಾಸ್ ದಿನಾ ಒಳಗ ಹ್ವಾದ್ರ ಕೆಲವರಿಗೆ ಅವು ಜೋರ ಆಗಬಹುದಂತ, ಗುಳಿಗಿ ಕೆಲಸ ಮಾಡೂ ಮೊದಲ ಒಡದು ಹೋಗತಿರಬೇಕು, ಪಕ್ಕಾ ಅಂತ ಹೇಳಾಕಾಗಂಗಿಲ್ಲ, ಆದ್ರ ನೀ ಸುಳ್ಳ ಹೇಳಿಲ್ಲವ್ವಾ ಅಂದ್ರು. ಅದು ನನಗ ಗೊತ್ತಿತ್ತು, ನಾಕು ವರ್ಷದಿಂದ ಗೊತ್ತಿತ್ತು, ನನ್ನ ಮಾತಿಗೆ ನನ್ನ ರಕ್ತ ಸಾಕ್ಷಿ ಹೇಳಬೇಕಾತು.

ಇದನ್ನೆಲ್ಲ ನಾಹೀದ ಡಾಕ್ಟರ್ ಒಂದ ಚೀಟಿಯಾಗ ಬರದ ಕೊಟ್ಟಿದ್ರು, ಇವತ್ತ ಆ ಚೀಟಿ ಸಿದ್ದರಾಮೇಶ ಡಾಕ್ಟರ ಮುಂದ ಇಟ್ಟೆ, ಓದಿದ್ರು, ಗ್ಯಾಸ್ ಕೊಡೂದು ರೋಗಿಗೆ, ನಿನಗಲ್ಲ, ಆರಾಮ ತಗೋ, ಸೋಮವಾರ ನಿನ್ನ ಜಾಗಕ್ಕ ಬೆಳವಣಕಿಯಿಂದ ಹೊಸ ನರ್ಸ್ ಬರತಾಳ ಅಂದ್ರು. ಆಕಿ ಲಿವರ್ ಏನ ಕಬ್ಬಿಣದ್ದ? ಇದನ್ನ ಬಾಯಿಬಿಟ್ಟ ಅಂದೆ, ಅಂದೆ ಖರೇ, ಅಂದು ಆಪರೇಶನ್ ಖೋಲಿ ಕಪಾಟ ತಗದೆ, ಮಷಿನ್ ಜೋಡಿ ಬಂದ ಪೈಪ್ ಅಲ್ಲೇ ಇತ್ತು, ಮ್ಯಾಲಿನ ಪ್ಲಾಸ್ಟಿಕ್ ಸುದ್ದಾ ಹರದಿರಲಿಲ್ಲ, ಖೋಲ್ಯಾಗ ರೋಗಿ ಇರಲಿಲ್ಲ, ಗ್ವಾಡಿ ತೂತಿಗೆ ತುರುಕಿದ ಅರಿವಿ ಕಿತ್ತ ಒಗದೆ, ಪೈಪಿನ ಒಂದ ತುದಿ ಮಷಿನ್ನಿಗೆ, ಒಂದ ತುದಿ ಹೊರಗ, ಹತ್ತ ಮಿನಿಟಿನ ಕೆಲಸ, ನನ್ನ ನಾಕು ವರ್ಷ, ಮಗಳ ಹಣಿ, ಹತ್ತ ಮಿನಿಟ — ಡಾಕ್ಟರು ಬಾಗಲದಾಗ ನಿಂತು ನೋಡಿದ್ರು, ಭಾಳ ಸಿಟ್ಟ ಬಂದೈತಿ ನಿನಗ ಅಂದ್ರು, ಹೌದ್ರಿ ಅಂದೆ.

ಗಜೇಂದ್ರಗಡ ಬಂತು, ಬಸ್ ಇಳದೆ, ನಡದೆ, ಮನಿಯಾಗ ಮಗ್ಗದ ಸಪ್ಪಳ, ಕಳಕೇಶನ ತೊಡಿ ಮ್ಯಾಲ ಚೀಟಿ ಇಟ್ಟೆ, ಎರಡ ಸಲ ಓದಿದ, ಮಗ್ಗ ನಿಂತಿತು, ಕ್ಷಮಾ ಕೇಳತಾನೇನೋ ಅಂತ ನಿಂತೆ, ಎತ್ಕೋ ಅಂದ, ಅಷ್ಟ ಅಂದ, ಉಮಾ ಓಡಿ ಬಂದಳು, ಎತಗೊಂಡೆ, ಎಷ್ಟ ಭಾರ ಆಗ್ಯಾಳ, ಕುತ್ತಿಗಿಗೆ ಆಕಿ ಬಿಸಿ ಉಸಿರು, ಅವ ಸನೇಕ ಬಂದ, ಕೂಸಿನ ಕಾಲಕೆಳಗ ಅವನ ಎರಡೂ ಕೈ, ಬೊಗಸಿ ಹಿಡದಾವ, ಮುಟ್ಟಿಲ್ಲ, ನಾ ಬಿದ್ರ ಹಿಡಿಯಾಕ, ಕೈ ತಗಿ ಅಂದೆ, ತಗೀಲಿಲ್ಲ, ಕೆಳಗ ಎರಡ ಕೈ, ಕಾಯಾಕತ್ತಾವ, ಎರಡ ಕೈ —