ಗೇಣು ದೂರದ ಕೈ

ತಾಲೀಮು ಕೋಣೆಯ ಮೂಲೆಯಲ್ಲಿ ಕೂತು ಚಿಕ್ಕಮ್ಮ ನೃತ್ಯದ ಉಡುಪಿಗೆ ಹುಕ್ಕು ಹೊಲಿಯುತ್ತಿದ್ದಳು. ಕಣ್ಣು ಸೂಜಿಯ ಮೇಲಿತ್ತು, ಕಿವಿ ಮಾತ್ರ ರಂಗಮಂದಿರದಿಂದ ಬಂದಿದ್ದ ಮ್ಯಾನೇಜರ್ ಹುಡುಗಿಯ ಕಡೆಗಿತ್ತು. ಇಪ್ಪತ್ತೆರಡು ವರ್ಷ ಹಿಂದಿನ 'ಬಾವಿಕಟ್ಟೆ' ನೃತ್ಯವನ್ನು ರಂಗಮಂದಿರದವರು ಮತ್ತೆ ಆಡಿಸುವವರಿದ್ದರು. ವಿಡಿಯೊ ಮಾಡಿ ಇಟ್ಟುಕೊಳ್ಳುತ್ತಾರಂತೆ. ಸಂಯೋಜನೆ ಯಾರದೆಂದು ಈ ಸಲ ಬರೆದ ಹೆಸರೇ ಕೊನೆತನಕ ಉಳಿಯುವುದು.

ಸಂಯೋಜನೆ ಚಿಕ್ಕಮ್ಮನದೇ. ಹನ್ನೆರಡು ಹೆಂಗಸರು ನೀರು ಸೇದುವ, ಜಗಳವಾಡುವ, ತಲೆಯ ಮೇಲೆ ಕೊಡ ಹೊತ್ತು ಗಿರ್ರನೆ ತಿರುಗುವ ಆ ನೃತ್ಯದ ಒಂದೊಂದು ಹೆಜ್ಜೆಯೂ ಅವಳ ಮೈಯಿಂದ ಬಂದದ್ದು. ಪೋಸ್ಟರಿನಲ್ಲಿ ಬಂದದ್ದು ಮಾತ್ರ ತಂಡದ ಯಜಮಾನರಾದ ಅವಳ ಭಾವನ ಹೆಸರು. "ಮನೆ ಒಂದೇ ಅಲ್ವೇನಮ್ಮ, ಹೆಸರು ಯಾರದಾದ್ರೇನು?" ಅಂದಿದ್ದರು. ಯಾರದಾದರೂ ಒಂದೇ ಆಗಿದ್ದರೆ ಅವಳದನ್ನೇ ಹಾಕಬಹುದಿತ್ತಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೆಸರಾದ ಕೈ ಅವಳದು, ಮೊಸರು ತಿಂದ ಬಾಯಿ ಬೇರೆಯವರದು. ಹಾಗಂತ ಭಾವ ಕೆಟ್ಟವರೇನಲ್ಲ. ಸಭಾಂಗಣ ಗೊತ್ತುಮಾಡಿ, ವಾದ್ಯದವರನ್ನು ಕರೆಸಿ, ಹುಡುಗಿಯರನ್ನು ಜೋಪಾನವಾಗಿ ಮನೆ ಮುಟ್ಟಿಸಿದವರು. ಹೆಸರಿನ ವಿಷಯ ಬಂದಾಗ ಮಾತ್ರ ಕಿವಿ ಸ್ವಲ್ಪ ಮಂದ.

"ಸರ್, ತಿರುಗುವಾಗ ಎಲ್ಲರೂ ಎಡಗೈಯನ್ನ ಹೊಟ್ಟೆಯಿಂದ ಒಂದು ಗೇಣು ದೂರ ಇಟ್ಕೊಳ್ತಾರಲ್ಲ, ಯಾಕೆ?" ಎಂದು ಮ್ಯಾನೇಜರ್ ಹುಡುಗಿ ಕೇಳಿದಳು. "ಟಿಪ್ಪಣಿಗೆ ಬೇಕಿತ್ತು."

ಭಾವ ಗಂಟಲು ಸರಿಮಾಡಿಕೊಂಡರು. "ಅದು ಕೊಡ ಹಿಡಿಯೋ ಭಂಗಿ."

"ಕೊಡ ತಲೆ ಮೇಲಿದೆಯಲ್ಲ ಸರ್, ಅದನ್ನ ಹಿಡಿದಿರೋದು ಬಲಗೈ ಅಲ್ವಾ?"

"ಹಾಗಾದ್ರೆ ಅದು ಹುಡುಗಿಯರಿಗೆ ಅಂಟಿರೋ ಚಾಳಿ. ಬಿಡಿಸೋಣ ಅಂತಲೇ ಇದ್ದೆ." ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. "ಎಲ್ಲರೂ ಎಡಗೈ ಮೈಗೆ ಒತ್ತಿಕೊಳ್ರಮ್ಮ. ಮೊದಲಿಂದ."

ಚಿಕ್ಕಮ್ಮ ಹೊಲಿಯುವುದನ್ನು ನಿಲ್ಲಿಸಿದಳು. ಹೆಸರಂತೂ ಹೋಗಿತ್ತು, ಈಗ ನೃತ್ಯವೂ ಹೊರಟಿತಲ್ಲ ಅನ್ನಿಸಿತು. ಹನ್ನೆರಡು ಮಂದಿ ಕೈ ಮಡಚಿ ತಿರುಗಿದರು. ಎರಡನೇ ಸುತ್ತಿಗೇ ತೂಕ ತಪ್ಪಿತು. ಸಾಲಿನ ಮುಂದಿದ್ದ ಅವಳ ಮಗಳು ಪಕ್ಕದವಳಿಗೆ ಡಿಕ್ಕಿ ಹೊಡೆದಳು. ಕೊಡವೊಂದು ಉರುಳುತ್ತಾ ಹೋಗಿ ಗೋಡೆ ಸೇರಿತು.

ಚಿಕ್ಕಮ್ಮ ಎದ್ದು ನಿಂತಳು. ಸೂಜಿ ಇನ್ನೂ ಬೆರಳಲ್ಲೇ ಇತ್ತು. "ಆ ಕೈ ತೆಗೆಸಬೇಡಿ ಭಾವ. ತಿರುಗೋ ತೂಕ ಇರೋದೇ ಅದರಲ್ಲಿ."

"ನಿನಗೆ ಹೇಗೆ ಗೊತ್ತು..." ಎಂದವರು ಅರ್ಧಕ್ಕೇ ನಿಲ್ಲಿಸಿದರು.

"ಇದನ್ನ ಕಟ್ಟುವಾಗ ನಂಗೆ ಏಳು ತಿಂಗಳು. ಕೈ ಒಳಗೆ ತರೋಣ ಅಂದ್ರೆ ಹೊಟ್ಟೆ ಅಡ್ಡ. ನಾನು ಹೇಗೆ ತಿರುಗಿದ್ನೋ ಹುಡುಗಿಯರು ಹಾಗೇ ಕಲಿತರು, ಹಿಂದಕ್ಕೆ ವಾಲೋದೂ ಸೇರಿ. ಹೆರಿಗೆ ಆದ್ಮೇಲೆ ತಿದ್ದೋಕೆ ಹೋದೆ, ಆಗಲಿಲ್ಲ. ಅಷ್ಟೊತ್ತಿಗೆ ನೃತ್ಯ ಆ ಹೊಟ್ಟೆ ಸುತ್ತಲೇ ನಿಂತುಬಿಟ್ಟಿತ್ತು."

ಮದುವೆಯಾಗದವರೂ ಇಷ್ಟು ವರ್ಷ ಬಸುರಿಯರ ಹಾಗೆ ವಾಲಿದೆವಲ್ಲೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಗಳು ನಗಲಿಲ್ಲ. ಎಡಗೈಯನ್ನು ಮತ್ತೆ ಗೇಣು ದೂರಕ್ಕೆ ತಂದು, ನಡುವಿನ ಖಾಲಿ ಜಾಗವನ್ನೇ ನೋಡಿದಳು.

"ಅಮ್ಮಾ, ಇಲ್ಲಿ ನಾನಿದ್ನಾ?"

"ಮತ್ತಿನ್ಯಾರು? ಒದ್ದು ಒದ್ದು ನನ್ನ ತಾಳ ತಪ್ಪಿಸ್ತಿದ್ದೆ."

ಭಾವ ಕುರ್ಚಿಯಲ್ಲಿ ಕೂತರು. "ಆ ಕೈನ ಇಪ್ಪತ್ತೆರಡು ವರ್ಷ ನೋಡಿದೀನಿ ಕಣಮ್ಮ," ಎಂದರು ಕೊನೆಗೆ. "ಯಾಕೆ ಅಂತ ಒಂದು ದಿನ ಕೇಳಲಿಲ್ಲ."

ಮ್ಯಾನೇಜರ್ ಹುಡುಗಿ ಹಾಳೆ ತಿರುವಿದಳು. "ಹಾಗಾದ್ರೆ ಸಂಯೋಜನೆ ಅಂತ ಯಾರ ಹೆಸರು ಹಾಕ್ಲಿ?"

ಚಿಕ್ಕಮ್ಮ ಭಾವನ ಮುಖ ನೋಡಲಿಲ್ಲ. "ನಂದು," ಎಂದಳು.

"ಮೇಡಂ, ಹೆಸರು ಹೇಳಿ?"

ಮಗಳನ್ನು ಬಿಟ್ಟು ಉಳಿದ ಹುಡುಗಿಯರು ಮುಖ ಮುಖ ನೋಡಿಕೊಂಡರು. ಚಿಕ್ಕಮ್ಮ ಎನ್ನುವುದು ಬಿಟ್ಟರೆ ಅವರಿಗೆ ಬೇರೇನೂ ಗೊತ್ತಿರಲಿಲ್ಲ. ಹೇಳಲೆಂದು ಭಾವ ಬಾಯಿ ತೆರೆದರು.

"ಬೇಡ ಭಾವ, ನಾನೇ ಬರೀತೀನಿ." ಸೂಜಿಯನ್ನು ಮಗಳ ಕೈಗೆ ಕೊಟ್ಟು, ಪೆನ್ನು ತೆಗೆದುಕೊಂಡು, ಅವಳು ಒಂದೊಂದೇ ಅಕ್ಷರವಾಗಿ ತನ್ನ ಹೆಸರನ್ನು ಪೂರ್ತಿ ಬರೆದಳು.