ಸೆರಿಬಾನ ಕೈ ಮತ್ತು ಕೆನ್ನೆಯೊಳಗಿನ ಅಲಸಂದೆ

ನಮ್ಮೂರು ಕೊಲೊಂಬುಗುವಿನ ಕಮ್ಮಾರ ಸೆರಿಬಾ ಫಾನೆ ಬಡಿದ ಕುಡುಗೋಲು ಎಂಥ ಹರಿತ ಅಂದರೆ, ಅದನ್ನು ಹೊಲದ ಬದುವಿನಲ್ಲಿ ಒರಗಿಸಿಟ್ಟರೆ ಸಾಕು, ನೆರಳು ಬಿದ್ದ ಕಡೆಯೆಲ್ಲ ಸಜ್ಜೆ ತಾನಾಗಿ ಕೊಯ್ದುಕೊಂಡು ಮಲಗುತ್ತಿತ್ತು. ಸುಳ್ಳು ಅನ್ನುವವರು ನನ್ನ ಕತ್ತೆಯನ್ನು ಕೇಳಿ. ಅದರ ಬಾಲ ಮೋಟಾದದ್ದು ಆ ನೆರಳಿನಿಂದಲೇ.

ಅವನ ನಗು ಕುಡುಗೋಲಿಗಿಂತ ದೊಡ್ಡದು. ಕುಲುಮೆ ಮುಂದೆ ಕೂತು ತೊಡೆ ತಟ್ಟಿಕೊಂಡು ಒಮ್ಮೆ ನಕ್ಕರೆ, ಜೋಲಿಬಾ ಹೊಳೆಯ ಆಚೆ ದಡದ ನೀರಾನೆಗಳು ಯಾರೋ ತಮ್ಮವರೇ ಕರೆದರು ಅಂದುಕೊಂಡು ಈಚೆ ದಡಕ್ಕೆ ಈಜಿ ಬರುತ್ತಿದ್ದವು. ಆ ನಗುವಿಗೆ ಸೌದೆ ಹಾಕುವ ಕೆಲಸ ನನ್ನದು. ನಾನು ಯೋರೋ ಸಂಗಾರೆ, ಕತ್ತೆಗಾಡಿ ಹೊಡೆಯುವವನು, ದನ ಕಾಯುವ ಫುಲಾನಿ ಕುಲದವನು. ಕಮ್ಮಾರರಿಗೂ ನಮಗೂ ಮುತ್ತಜ್ಜಂದಿರ ಕಾಲದಿಂದ ಹಾಸ್ಯದ ನಂಟು. ಏನು ಬೇಕಾದರೂ ಬೈದುಕೊಳ್ಳಬಹುದು, ಸಿಟ್ಟು ಮಾಡುವ ಹಾಗಿಲ್ಲ. ಸಿಟ್ಟಾದವನೇ ಸೋತ. ಹಾಸ್ಯದ ನಂಟ ಸವಾಲು ಹಾಕಿದರೆ ಒಲ್ಲೆ ಅನ್ನುವ ಹಾಗೂ ಇಲ್ಲ.

ನಮ್ಮ ಬೈಗುಳಗಳಲ್ಲೆಲ್ಲ ರಾಜ 'ಅಲಸಂದೆಮುಕ್ಕ'. ಅಲಸಂದೆ ತಿಂದವನ ಹೊಟ್ಟೆ ನಾಲ್ಕು ಜನರ ನಡುವೆ ಹೇಗೆ ಮಾತಾಡುತ್ತದೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಲಸಂದೆ ನಾವಿಬ್ಬರೂ ಆಸೆಪಟ್ಟು ತಿನ್ನುತ್ತೇವೆ. ಒಪ್ಪಿಕೊಳ್ಳುವುದು ಬೇರೆ ಮಾತು.

ಈ ಸಲ ಮಳೆಗೆ ಮುಂಚೆ ಗುದ್ದಲಿ ಬಡಿಯುವ ಕೆಲಸ ಜೋರಾಗಿದ್ದಾಗ, ಕಾದ ಕಬ್ಬಿಣ ಅದ್ದುವ ನೀರಿನ ಗಡಿಗೆ ಒಡೆದು, ಕುದಿನೀರು ಸೆರಿಬಾನ ಬಲಗೈಯ ಮೇಲ್ಬದಿಗೆ ಸುರಿಯಿತು. ಅವನು ಮನೆಯೊಳಗೆ ಹೋಗಿ ಕೂತವನು ಹೊರಗೆ ಬರಲೇ ಇಲ್ಲ. ಕುಲುಮೆ ಆರಿತು. ಊರು ಎಷ್ಟು ಮೌನವಾಯಿತು ಅಂದರೆ, ಕೋಳಿಗಳು ಕೂಗುವ ಮೊದಲು ಒಂದರ ಮುಖ ಒಂದು ನೋಡಿಕೊಳ್ಳುತ್ತಿದ್ದವು.

ನಾನು ನೋಡಲು ಹೋದೆ. ಅವನ ಹೆಂಡತಿ ಸಿರಾ ಬಾಗಿಲಲ್ಲೇ ನನ್ನ ತೋಳು ಹಿಡಿದಳು.

"ಯೋರಣ್ಣ, ಬೆರಳು ಮಡಿಸ್ತಾನೇ ಇಲ್ಲ. ಹಲಗೆ ಥರ ನೆಟ್ಟಗೆ ಇಟ್ಕೊಂಡು ಕೂತವ್ನೆ. ಹಂಗೇ ಸೆಟೆದುಕೊಂಡ್ರೆ ಸುತ್ತಿಗೆ ಹಿಡಿಯೋದು ಹೆಂಗೆ? ದವಾಖಾನೆಗೆ ಹೋಗು ಅಂದ್ರೆ ಗೋಡೆ ಕಡೆ ತಿರುಗ್ತಾನೆ."

ಒಳಗೆ ಸೆರಿಬಾ ಚಾಪೆ ಮೇಲೆ ಕೂತಿದ್ದ. ಕೈಗೆ ಯಾವುದೋ ಎಲೆ ಸುತ್ತಿಕೊಂಡಿದ್ದ.

"ಏನಲೇ ಅಲಸಂದೆಮುಕ್ಕ, ದವಾಖಾನೆಗೆ ಹೋಗೋಕೆ ಹೆದರಿಕೆಯಾ?"

ಅವನು ನಗಲಿಲ್ಲ. ನನ್ನನ್ನು ಬೈಯಲೂ ಇಲ್ಲ.

"ಬೆಂಕಿ ನಮ್ಮ ಮನೆ ನಾಯಿ ಕಣೋ," ಅಂದ ಮೆಲ್ಲಗೆ. "ಅದು ಕಚ್ಚಿದ್ರೆ ಮರ್ಯಾದೆ. ಕಮ್ಮಾರನ ಕೈ ನೀರಲ್ಲಿ ಸುಟ್ಟಿತು ಅಂತ ಯಾರ ಮುಂದೆ ಹೇಳ್ಲಿ? ಹೇಳಿದ್ರೂ ಏನು ಬಂತು? ಈ ಕೈ ಸತ್ತೋಯ್ತು."

"ಸತ್ತ ಕೈ ನೋಯುತ್ತೇನೋ?"

"ಗಾಳಿ ಸೋಕಿದ್ರೂ ಪ್ರಾಣ ಹೋಗುತ್ತೆ. ಒಳಗಡೆ ಸಾಯ್ತಾ ಇದೆ. ಸಾಯೋದು ನೋಯದೆ ಇರುತ್ತಾ? ಹೋಗು, ಯೋರೋ."

ಹೆಸರು ಹಿಡಿದು ಮರ್ಯಾದೆಯಿಂದ ಕರೆದ! ಇನ್ನು ಇವನನ್ನು ಹೀಗೇ ಬಿಟ್ಟರೆ ಆಗದು ಅಂದುಕೊಂಡು ಕತ್ತೆಯನ್ನು ನೇರ ದವಾಖಾನೆಗೆ ಹೊಡೆದೆ. ಅಲ್ಲಿಯ ನರ್ಸು ಕೊರೊತುಮುವನ್ನು ಊರೆಲ್ಲ ಡಾಕ್ಟ್ರಮ್ಮ ಅನ್ನುತ್ತದೆ. ಅವಳು ಬೇವಿನ ಮರದ ಕೆಳಗೆ ಟೀ ಕಾಯಿಸುತ್ತಿದ್ದಳು.

"ನೋವು ಇದೆಯಾ?" ಅಂತ ಕೇಳಿದಳು.

"ಗಾಳಿ ಸೋಕಿದ್ರೆ ಕಿರುಚ್ತಾನೆ."

"ಒಳ್ಳೇದಾಯ್ತು."

"ಒಳ್ಳೇದಾ? ನೀನೇನು ಡಾಕ್ಟ್ರಮ್ಮನೋ, ಹಗೆಯೋ?"

"ಕೂತ್ಕೋ ಮಾಮ. ಟೀ ಕುಡಿ. ಬಾಯಿ ಸ್ವಲ್ಪ ಮುಚ್ಚಿಕೊಂಡು ಕುಡಿ."

ಅವಳು ಕಡ್ಡಿ ತೆಗೆದುಕೊಂಡು ಮರಳಿನ ಮೇಲೆ ಒಂದು ದುಂಡು ಗೆರೆ ಎಳೆದಳು. ಮೈಯೆಲ್ಲ ಇಂಥ ಜೀವಕೋಶಗಳಿಂದ ಆದದ್ದಂತೆ. ಒಂದೊಂದು ಕೋಶವೂ ಒಂದೊಂದು ಹಟ್ಟಿ. ಸುತ್ತ ತೆಳು ಗೋಡೆ. ಆ ಗೋಡೆಯೇ ಕಾವಲುಗಾರ, ಬೇಕಾದ್ದನ್ನು ಒಳಗೆ ಬಿಡುತ್ತದೆ, ಬೇಡದ್ದನ್ನು ತಡೆಯುತ್ತದೆ. ನಡುವೆ ಹಟ್ಟಿಯ ಹಿರಿಯ ಕೂತಿರುತ್ತಾನೆ, ಎಲ್ಲರೂ ಏನೇನು ಮಾಡಬೇಕು ಅನ್ನುವುದು ಅವನಿಗೆ ಬಾಯಿಪಾಠ. ಅಂಗಳದ ತುಂಬ ಒಲೆಗಳು. ತಿಂದ ಅನ್ನವನ್ನು ಉರಿಸಿ ಕಸುವು ಮಾಡುವುದು ಅವುಗಳ ಕೆಲಸ.

"ಸೆರಿಬಾನ ಕೈಯಲ್ಲಿ ಇಂಥ ಹಟ್ಟಿ ಎಷ್ಟಿರಬಹುದು?" ಅಂದೆ.

"ಇಡೀ ಆಫ್ರಿಕಾದ ಜನಕ್ಕಿಂತ ಹೆಚ್ಚು."

ನಾನು ಟೀ ಲೋಟ ಕೆಳಗಿಟ್ಟೆ. ಹುಟ್ಟಿದಾಗಿನಿಂದ ಬುರುಡೆ ಬಿಡುತ್ತಾ ಬಂದಿದ್ದೇನೆ. ಇಷ್ಟು ದೊಡ್ಡದು ನನಗೂ ಹೊಳೆದಿರಲಿಲ್ಲ. ಇವಳು ನೋಡಿದರೆ ನಗದೆ ಹೇಳುತ್ತಿದ್ದಾಳೆ, ಅದೂ ನಿಜವಂತೆ!

ಒಂದೇ ಕಸುಬಿನ ಹಟ್ಟಿಗಳು ಒಟ್ಟಿಗೆ ಕೂಡಿ ಒಂದು ಕೇರಿಯಾಗುತ್ತವೆ, ಅದಕ್ಕೆ ಅಂಗಾಂಶ ಅನ್ನುತ್ತಾರೆ ಅಂದಳು. ಮೈಯಲ್ಲಿ ಮುಖ್ಯವಾಗಿ ನಾಲ್ಕು ಕೇರಿ. ಅವಳು ಹೇಳಿದ್ದನ್ನು ನಾನು ನಮ್ಮೂರಿಗೆ ಹೊಂದಿಸಿಕೊಂಡೆ. ಮೇಲಿನ ಚರ್ಮದವರು ಗೋಡೆಗೆ ಮಣ್ಣು ಮೆತ್ತುವವರು. ಹಳೇ ಮೆತ್ತಿಗೆ ಉದುರುತ್ತಲೇ ಇರುತ್ತದೆ, ಅವರು ಕೆಳಗಿನಿಂದ ಹೊಸದು ಮೆತ್ತುತ್ತಲೇ ಇರುತ್ತಾರೆ. ಅವರ ಕೆಳಗೆ ಹಗ್ಗ ಹೊಸೆದು ಎಲ್ಲವನ್ನೂ ಬಿಗಿದು ಕಟ್ಟುವವರು. ಆಮೇಲೆ ಮಾಂಸಖಂಡದವರು, ಬಲೆ ಎಳೆಯುವ ಬೆಸ್ತರ ಹಾಗೆ, ಎಲ್ಲರೂ ಒಂದೇ ಸಲ 'ಐಸಾ' ಅಂದರೆ ಬೆರಳು ಮಡಚುತ್ತದೆ. ಕಡೆಗೆ ನರಗಳು. ಅವರು ನಮ್ಮ ಸುದ್ದಿ ಸಾರುವ ಹಾಡುಗಾರರು, ಜೆಲಿಗಳು. ಬಾಯಿ ಮುಚ್ಚಿ ಕೂರುವುದು ಅವರಿಗೆ ಗೊತ್ತೇ ಇಲ್ಲ.

"ಸುಟ್ಟಿದ್ದು ಆಳಕ್ಕೆ ಇಳಿದಿದ್ರೆ ನರನೂ ಸುಟ್ಟು, ಅಲ್ಲಿ ನೋವೇ ಇರ್ತಿರಲಿಲ್ಲ," ಅಂದಳು ಕೊರೊತುಮು. "ನೋಯ್ತಾ ಇದೆ ಅಂದ್ರೆ ಕೆಳಗಿನವರು ಬದುಕಿರೋ ಹಾಗಿದೆ. ಆದ್ರೆ ನಾನು ಕಣ್ಣಾರೆ ನೋಡ್ಬೇಕು, ತೊಳೀಬೇಕು. ಬೆರಳು ಆಡಿಸ್ಬೇಕು. ಹಿಂಗೇ ಬಿಟ್ರೆ ಕೀವಾಗುತ್ತೆ, ಬೆರಳಿನ ಕೀಲುಗಳು ಹಿಡ್ಕೊಂಡ್ಬಿಡುತ್ವೆ. ಆಮೇಲೆ ನನ್ನ ಕೈಲಾಗಲ್ಲ. ಹೇಗಾದ್ರೂ ಕರ್ಕೊಂಡು ಬಾ."

ಹೇಗಾದರೂ ಅಂದರೆ ಹೇಗೆ? ಅವನನ್ನು ಎತ್ತಬೇಕಾದರೆ ಮೂರು ಒಂಟೆ ಬೇಕು. ಆಗ ಕಿಟಕಿ ಹತ್ತಿರ ಇದ್ದ ಅವಳ ಮೈಕ್ರೋಸ್ಕೋಪು ಕಣ್ಣಿಗೆ ಬಿತ್ತು, ರಕ್ತದಲ್ಲಿ ಮಲೇರಿಯಾ ನೋಡುವಂಥದ್ದು. ಕೆನ್ನೆಯೊಳಗೆ ಕೆರೆದು ಇಟ್ಟರೆ ಹಟ್ಟಿಗಳೂ ಅದರಲ್ಲಿ ಕಾಣುತ್ತವೆ ಅಂದಳು. ಅದನ್ನು ಕೇಳಿದ್ದೇ ತಡ, ನನ್ನ ತಲೆಯಲ್ಲೂ ಯಾವುದೋ ಒಲೆ ಹತ್ತಿಕೊಂಡಿತು.

ನಾನು ಸೆರಿಬಾನ ಅಂಗಳದಲ್ಲಿ ನಿಂತು ಅಕ್ಕಪಕ್ಕದವರಿಗೂ ಕೇಳುವ ಹಾಗೆ ಕೂಗಿದೆ. "ಏ ಕಮ್ಮಾರ! ಡಾಕ್ಟ್ರಮ್ಮನ ಹತ್ರ ಒಂದು ಯಂತ್ರ ಐತೆ! ಕೆನ್ನೆ ಒಳಗೆ ಕೆರೆದು ಇಟ್ರೆ, ಹುಟ್ಟಿದಾಗಿಂದ ಯಾರು ಎಷ್ಟು ಅಲಸಂದೆ ಮುಕ್ಕಿದ್ದಾರೆ ಅಂತ ತೋರಿಸುತ್ತೆ! ನಂದು ನೋಡಿಸ್ಕೊಂಡು ಬಂದೆ, ಬರೀ ಹಾಲು! ಈಗ ನಿನ್ನ ಸರದಿ. ಸವಾಲು!"

ಒಳಗೆ ಗೋಡೆ ಕಡೆಯಿಂದ ದನಿ ಬಂತು.

"ಹಾಲಂತೆ ಹಾಲು! ಕರುವಿನ ಪಾಲನ್ನೂ ಕದ್ದು ಕುಡಿದವನೇ!"

ಸಿರಾ ಬಾಯಿಗೆ ಸೆರಗು ಒತ್ತಿಕೊಂಡಳು. ಬೈದ! ಬೈಯಲು ಶುರು ಮಾಡಿದ!

"ಸುಳ್ಳು ನೋಡಿಸಿರ್ತೀಯ. ನನ್ನ ಕಣ್ಣ ಮುಂದೆ ಕೆರೆಸ್ಕೋ," ಅನ್ನುತ್ತಾ ಸೆರಿಬಾ ಬಾಗಿಲಿಗೆ ಬಂದ. ಸೊರಗಿದ್ದ. "ಎಲ್ಲಿ ನಿನ್ನ ಮೋಟುಬಾಲದ ಗಾಡಿ?"

ದವಾಖಾನೆಯಲ್ಲಿ ಕೊರೊತುಮುವಿಗೆ ಸವಾಲಿನ ಸುದ್ದಿ ಹೇಳಿ ನಾನು ಕಣ್ಣು ಹೊಡೆದೆ. ಅವಳು ನನ್ನ ಕಡೆ ಕಣ್ಣು ಕೆಕ್ಕರಿಸಿದಳು. ಆದರೂ ಬೆಂಕಿಕಡ್ಡಿಯ ಹಿಂತುದಿಯಿಂದ ನನ್ನ ಕೆನ್ನೆಯೊಳಗೆ ಮೆಲ್ಲಗೆ ಸವರಿ, ಗಾಜಿನ ಮೇಲೆ ಬಳಿದು, ಒಂದು ಹನಿ ನೀಲಿ ಬಣ್ಣ ಹಾಕಿ, ಯಂತ್ರದ ಪುಟ್ಟ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದಳು.

"ಮೊದಲು ನಾನು ನೋಡ್ತೀನಿ," ಅಂದು ಸೆರಿಬಾ ಒಂದು ಕಣ್ಣು ಮುಚ್ಚಿ ಬಗ್ಗಿದ. ಬಗ್ಗಿದವನು ಹಾಗೇ ಇದ್ದ. ಅವನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾನೇನೋ ಅಂದುಕೊಂಡೆ.

"ಅಲಸಂದೆ!" ಅಂದ. "ಒಂದೊಂದು ತಟ್ಟೇಲೂ ಒಂದೊಂದು ಅಲಸಂದೆ ಕಾಳು! ಡಾಕ್ಟ್ರಮ್ಮ, ಇವನ ಕೆನ್ನೆ ಅಲ್ಲ ಇದು, ಉಗ್ರಾಣ!"

ನಾನು ಅವನನ್ನು ತಳ್ಳಿ ನೋಡಿದೆ. ತೆಳ್ಳನೆಯ ರೊಟ್ಟಿಗಳ ಹಾಗೆ ಒಂದರ ಪಕ್ಕ ಒಂದು ಹರಡಿದ್ದವು. ಪ್ರತಿಯೊಂದರ ನಡುವೆ ಕಡುನೀಲಿ ಕಾಳು. ನಾನು ಬಿಟ್ಟ ಬುರುಡೆ ತಿರುಗಿ ಬಂದು ನನ್ನನ್ನೇ ಕಚ್ಚಿತ್ತು.

"ಅದು ಅಲಸಂದೆ ಅಲ್ಲ, ಹಟ್ಟಿ ಹಿರಿಯ! ಹೇಳು ಡಾಕ್ಟ್ರಮ್ಮ!"

"ಹಿರಿಯನೇ," ಅಂದಳು ಅವಳು. "ಕೋಶದ ನಡುವಿನ ಬೀಜ ಅದು. ಸೆರಿಬಾ ಮಾಮ, ಈಗ ನಿನ್ನದು. ಬಾಯಿ ತೆಗಿ."

ಸೆರಿಬಾನ ಕೆನ್ನೆಯಲ್ಲೂ ಅದೇ ರೊಟ್ಟಿ, ಅದೇ ಕಾಳು. ನಾನು ಕುಣಿದೆ. "ನೋಡ್ರಪ್ಪ, ನೋಡಿ! ಕಮ್ಮಾರನ ಮೈಯೆಲ್ಲ ಕಾಳು! ಬಿತ್ತಿದ್ರೆ ಊರಿಗೆಲ್ಲ ಆಗುತ್ತೆ!"

"ನನಗೂ ಇದೆ ಮಾಮ, ಎಲ್ಲರಿಗೂ ಇದೆ," ಅಂದಳು ಕೊರೊತುಮು.

"ಹಂಗಾದ್ರೆ ನಮ್ಮ ದೇಶದ ಅಧ್ಯಕ್ಷರಿಗೂ?" ಅಂದ ಸೆರಿಬಾ.

"ಅಧ್ಯಕ್ಷರಿಗೂ."

ಅಷ್ಟೇ. ನೀರಾನೆಗಳು ಕಾಯುತ್ತಿದ್ದ ಆ ನಗು ಎದ್ದಿತು. ದವಾಖಾನೆಯ ತಗಡು ಗಡಗಡ ಅಂದಿತು. ನಕ್ಕು ನಕ್ಕು ಸೆರಿಬಾ ಎಂದಿನ ಹಾಗೆ ಬಲಗೈ ಎತ್ತಿ ತೊಡೆಗೆ ಪಟ್ ಅಂತ ಹೊಡೆದ.

"ಅಯ್ಯೋ ಅಮ್ಮಾ!"

ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಹಾರಿಹೋದವು. ಅವನು ಕೈ ಎದೆಗೆ ಒತ್ತಿಕೊಂಡು ಕುಸಿದ. ನಾನು ಅವನ ಪಕ್ಕ ಮಂಡಿಯೂರಿದೆ.

"ಕೇಳಿಸ್ತೇನೋ ಸೆರಿಬಾ? ಅದು ನಿನ್ನ ನರಗಳು, ಮೈಯೊಳಗಿನ ಜೆಲಿಗಳು ಕಣೋ. ಕೇರಿ ಸತ್ತಿದ್ರೆ ಯಾರು ಹಿಂಗೆ ಸಾರ್ತಿದ್ರು? ಸುಟ್ಟಿರೋದು ಮೇಲಿನ ಮೆತ್ತಿಗೆ. ಮೆತ್ತೋರು ಒಳಗೆ ಬುಟ್ಟಿ ಹಿಡ್ಕೊಂಡು ನಿಂತವ್ರೆ, ನೀನು ದಾರಿ ಬಿಡ್ತಾ ಇಲ್ಲ."

ಅವನು ನನ್ನನ್ನು ನೋಡಲಿಲ್ಲ. ಕೊರೊತುಮುವನ್ನು ನೋಡಿದ. "ಇವನು ಹೇಳೋದರಲ್ಲಿ ಅರ್ಧ ಸುಳ್ಳಿರುತ್ತೆ. ನೀನು ಹೇಳು ತಾಯಿ."

ಅವಳು ಎಲೆಯನ್ನು ನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಿದಳು. ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅಷ್ಟು ಹೊತ್ತು ನಾನೂ ಸುಮ್ಮನಿದ್ದೆ. ನನ್ನ ಆಯಸ್ಸಿನಲ್ಲಿ ಅದೇ ದಾಖಲೆ.

"ಈ ಸಲ ಇವನು ಹೇಳಿದ್ದು ನಿಜ," ಅಂದಳು. "ಇಲ್ಲಿ ಅಂಚಿನಲ್ಲಿ ನೋಡು, ಗುಲಾಬಿ ಬಣ್ಣ. ಕೂದಲ ಬುಡದ ಸುತ್ತಲೂ ಚುಕ್ಕೆ ಚುಕ್ಕೆ. ಹೊಸ ಚರ್ಮ ಆಗಲೇ ಹೊರಟಿದೆ. ಇನ್ನೂ ಸ್ವಲ್ಪ ತಡ ಮಾಡಿದ್ರೆ ಕೀವಾಗೋದು. ಈಗ ತೊಳೀತೀನಿ. ಆಮೇಲೆ ಬೆರಳು ಮಡಿಸ್ಬೇಕು. ನೋಯುತ್ತೆ."

"ನೋಯ್ಲಿ," ಅಂದ ಸೆರಿಬಾ. "ನೋವು ಅಂದ್ರೆ ಬದುಕಿದೆ ಅಂತ ತಾನೇ?" ಆಮೇಲೆ ನನ್ನ ಕಡೆ ತಿರುಗಿದ. "ನೀನು ಎಲ್ಲಿಗೋ ಹೊರಟೆ? ಕೂತ್ಕೋ. ನೋವಾದಾಗ ಯಾರನ್ನ ಬೈಯ್ಲಿ, ಈ ಹೆಣ್ಣುಮಗಳನ್ನಾ?"

ಅಂದಿನಿಂದ ನನಗೆ ದವಾಖಾನೆಯಲ್ಲಿ ಸಂಬಳವಿಲ್ಲದ ಕೆಲಸ ಸಿಕ್ಕಿತು. ಕೊರೊತುಮು ಒಂದು ಬೆರಳು ಮಡಿಸಿದರೆ ನನ್ನ ಅಪ್ಪನಿಗೆ ಬೈಗುಳ, ಇನ್ನೊಂದು ಮಡಿಸಿದರೆ ಅಜ್ಜನಿಗೆ. ಹೆಬ್ಬೆರಳಿಗೆ ಬರುವ ಹೊತ್ತಿಗೆ ನಮ್ಮ ಕುಲದಲ್ಲಿ ಬೈಸಿಕೊಳ್ಳದವರು ಯಾರೂ ಉಳಿಯುತ್ತಿರಲಿಲ್ಲ, ಅವನು ದನಗಳನ್ನು ಶುರು ಮಾಡುತ್ತಿದ್ದ. ಮನೆಗೆ ಹೋದ ಮೇಲೆ ಸಿರಾ ಇಬ್ಬರಿಗೂ ಸಜ್ಜೆ ಮುದ್ದೆ, ಬೆಂಡೆಕಾಯಿ ಸಾರು ಬಡಿಸುತ್ತಿದ್ದಳು. ಸೆರಿಬಾ ಎಡಗೈಯಲ್ಲಿ ತಿನ್ನಲಾರ, ಅದು ಮರ್ಯಾದೆಯಲ್ಲ. ಹಾಗಾಗಿ ತುತ್ತು ಮುರಿದು ನಾನೇ ಅವನ ಬಾಯಿಗಿಡುತ್ತಿದ್ದೆ. ಅವನು ನನ್ನ ಬೆರಳು ಕಚ್ಚುತ್ತಿದ್ದ.

ಕೈಯ ಮೇಲೆ ಗುಲಾಬಿ ಚುಕ್ಕೆಗಳು ಅಗಲವಾದವು, ಒಂದಕ್ಕೊಂದು ಸೇರಿದವು. ನಮ್ಮ ಮಣ್ಣಿನ ಮಸೀದಿಗೆ ವರ್ಷವರ್ಷ ಹೊಸ ಮಣ್ಣು ಮೆತ್ತುವ ದಿನ ಊರಿನವರು ಆ ಕಡೆಯಿಂದ ಕೆಲವರು, ಈ ಕಡೆಯಿಂದ ಕೆಲವರು ಮೆತ್ತುತ್ತಾ ಬಂದು ನಡುವೆ ಕೂಡುತ್ತಾರಲ್ಲ, ಥೇಟ್ ಹಾಗೆ.

ಒಂದು ಬೆಳಿಗ್ಗೆ ಕೊರೊತುಮು ಅವನ ಕೈಗೆ ಸುತ್ತಿದ್ದ ಪಟ್ಟಿ ಬಿಚ್ಚಿ, "ಇವತ್ತು ನಾನು ಮುಟ್ಟಲ್ಲ. ನೀನೇ ಮಡಿಸು ಮಾಮ," ಅಂದಳು.

ಸೆರಿಬಾನ ಹಣೆಯಲ್ಲಿ ಬೆವರು ಬಂತು. ಬೆರಳುಗಳು ಅರ್ಧ ಬಗ್ಗಿದವು, ನಿಂತವು. "ಹಿಡಿಯೋಕೆ ಏನಾದ್ರೂ ಇದ್ರೆ ಆಗುತ್ತೆ," ಅಂದ.

"ಏನು ಕೊಡ್ಲೋ, ಸುತ್ತಿಗೆ ತರ್ಲಾ?" ಅಂತ ನಾನು ಮುಂದೆ ಬಗ್ಗಿದೆ.

ಅವನು ನನ್ನ ಗಡ್ಡ ಹಿಡಿದ. ಒಂದೊಂದೇ ಬೆರಳು ಮುಚ್ಚಿಕೊಂಡಿತು, ಕಡೆಗೆ ಹೆಬ್ಬೆರಳೂ ಬಂದು ಮೇಲೆ ಕೂತಿತು. ಕಮ್ಮಾರನ ಹಿಡಿತ! ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ನೋವಿಗೆ, ಉಳಿದರ್ಧ ಯಾವುದಕ್ಕೆ ಅಂತ ನಾನು ಹೇಳುವುದಿಲ್ಲ.

"ಬಿಡೋ, ಅಲಸಂದೆಮುಕ್ಕ! ಬಿಡೋ!"

"ಹೆಂಗ್ ಬಿಡ್ಲೋ?" ಅಂದ ಸೆರಿಬಾ, ನಗು ತಡೆಯಲಾರದೆ. "ಹಿಡಿಯೋದು ಮಾತ್ರ ಕಲ್ತಿದೆ ಕೈ. ಬಿಡೋದು ಇನ್ನೂ ಹೇಳಿಕೊಟ್ಟಿಲ್ಲ ಡಾಕ್ಟ್ರಮ್ಮ."