ಕೊಬ್ಬರಿ ಚೂರು

ಮುನ್ನಿ ಸೀನಿದಳು. ಮೂಗಿನಿಂದ ಬೆಳ್ಳಗಿನ ಚೂರೊಂದು ಆಸ್ಪತ್ರೆಯ ಹಸಿರು ಅಂಗಿಯ ಮೇಲೆ ಬಿತ್ತು. ಅವಳ ತಾಯಿ ಸುಲ್ತಾನಾ ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದಳು. ಕೊಬ್ಬರಿ.

ಹುಟ್ಟಿದಾಗಲೇ ಸೀಳಿದ್ದ ಅಂಗುಳವನ್ನು ಮುನ್ನಿಗೆ ವರ್ಷ ತುಂಬಿದ ಮೇಲೆ ಹೊಲಿದಿದ್ದರು. ಮುಂದಿನ ಒಸಡಿನ ಸಂದು ಮಾತ್ರ ಹಾಗೇ ಉಳಿದಿತ್ತು. ತಿಂದದ್ದರಲ್ಲಿ ಚೂರುಪಾರು ಅಲ್ಲಿಂದ ಮೂಗಿಗೆ ಏರುತ್ತಿತ್ತು. ಈಗ ಅವಳಿಗೆ ಒಂಬತ್ತು. ಇವತ್ತು ಸೊಂಟದಿಂದ ಒಂದಿಷ್ಟು ಎಲುಬು ತೆಗೆದು ಆ ಸಂದಿಗೆ ತುಂಬಬೇಕು. ಅದು ದವಡೆಯೊಂದಿಗೆ ಒಂದಾಗಿ ಬೆಳೆದರೆ ಇಳಿದು ಬರುವ ಕೋರೆಹಲ್ಲಿಗೆ ಆಸರೆ. ಎಲುಬಿಗಿಂತ ಮೊದಲು ಹಲ್ಲು ಇಳಿದರೆ ಅದು ನಿಲ್ಲುವುದು ಕಷ್ಟ ಎಂದಿದ್ದರು ಡಾಕ್ಟರು. ಎಕ್ಸ್‌ರೇಯಲ್ಲಿ ಹಲ್ಲು ಆಗಲೇ ಅಂಚಿಗೆ ಬಂದಿತ್ತು. ಆ ಡಾಕ್ಟರು ಬಳ್ಳಾರಿಗೆ ಬರುವುದು ತಿಂಗಳಿಗೊಮ್ಮೆ.

ರಾತ್ರಿಯಿಂದ ಮುನ್ನಿಗೆ ಏನೂ ಕೊಟ್ಟಿರಲಿಲ್ಲ. ಅರಿವಳಿಕೆಯ ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು ಎಂದು ನರ್ಸ್ ಸೌಂದರ್ಯ ಎಚ್ಚರಿಸಿದ್ದಳು. ಸಿರುಗುಪ್ಪದಿಂದ ತಂದ ಬುತ್ತಿಯನ್ನು ಸುಲ್ತಾನಾ ಮಗಳೆದುರು ಬಿಚ್ಚಿರಲೇ ಇಲ್ಲ. ಬೆಳಿಗ್ಗೆ ಅವಳು ಮುಖ ತೊಳೆಯಲು ಹೋದಾಗಷ್ಟೇ, ಕುರುಗೋಡಿನಿಂದ ಮೊದಲ ಬಸ್ಸಿಗೆ ಬಂದಿದ್ದ ಅತ್ತೆ ಇಮಾಂಬೀ ಮಗುವಿನ ಬಳಿ ಇದ್ದಳು.

“ಅತ್ತಿ, ಏನು ತಿನಿಸಿದ್ರಿ?”

ಇಮಾಂಬೀ ಸೆರಗಿನ ಗಂಟು ಮುಟ್ಟಿಕೊಂಡಳು. ದರ್ಗಾದಲ್ಲಿ ಓದಿಸಿದ ಸಕ್ಕರೆ, ಕೊಬ್ಬರಿ. ಅದನ್ನು ಬಾಯಿಗೆ ಹಾಕದೆ ಕೂಸನ್ನು ಒಳಗೆ ಕಳಿಸಲು ಮನಸ್ಸು ಒಪ್ಪಲಿಲ್ಲವಂತೆ.

“ಚಿಟಿಕಿ ಅಷ್ಟ. ಸುಮ್ಕಿರು, ಹೇಳಿದ್ರ ವಾಪಸ್ ಕಳಿಸ್ತಾರ.”

ಸುಲ್ತಾನಾಳ ಭಯವೂ ಅದೇ. ಬೆರಳು ಒರೆಸಿಕೊಂಡರೆ ಸಾಕು, ಯಾರಿಗೂ ಗೊತ್ತಾಗದು. ಅಷ್ಟರಲ್ಲಿ ಸೌಂದರ್ಯ ಬಾಗಿಲಿಗೆ ಸ್ಟ್ರೆಚರ್ ತಂದಳು. ಇನ್ನೊಂದು ತಿಂಗಳು ಆ ಹಲ್ಲು ತಡೆದೀತೇ? ತಡೆಯದಿದ್ದರೆ ಹಲ್ಲು ಹೋದೀತು. ಆದರೆ ಉಸಿರು?

ಅವಳು ಬೆರಳನ್ನು ಹಾಗೇ ಸೌಂದರ್ಯಳ ಮುಂದೆ ಚಾಚಿದಳು. “ಕೊಬ್ಬರಿ ತಿಂದಾಳ್ರಿ.”

ಸೌಂದರ್ಯ ಬೈಯಲಿಲ್ಲ. ಒಳಗೆ ಹೋಗಿ ಬಂದು, ಹೊಟ್ಟೆ ಖಾಲಿಯಾಗಲೆಂದು ಮುನ್ನಿಯನ್ನು ಎಲ್ಲರಿಗಿಂತ ಕೊನೆಗೆ ಹಾಕಿದ್ದಾರೆ, ಸಂಜೆಗೆ ಸಮಯ ಉಳಿದರೆ ಸರಿ, ಇಲ್ಲದಿದ್ದರೆ ಮುಂದಿನ ತಿಂಗಳು ಎಂದಳು.

ಇಮಾಂಬೀ ಸೆರಗಿನ ಗಂಟು ಬಿಚ್ಚಿ ಸಕ್ಕರೆಯನ್ನು ಸೊಸೆಯ ಕೈಗೆ ಸುರಿದಳು. ಆಮೇಲೆ ಮಂಚಕ್ಕೆ ಆತು ಕುಳಿತವಳು ಏಳಲಿಲ್ಲ. ಪಕ್ಕದ ಮಂಚದವರು ಮುನ್ನಿಗೆ ಬಿಸ್ಕೀಟು ಚಾಚಿದಾಗ ಅವರ ಕೈಯನ್ನೇ ಹಿಂದಕ್ಕೆ ತಳ್ಳಿದಳು. ತಾನೂ ನೀರು ಮುಟ್ಟಲಿಲ್ಲ. ಒಂದೊಂದೇ ಮಗು ಒಳಗೆ ಹೋಯಿತು. ಪ್ರತಿ ಸಲ ಬಾಗಿಲು ತೆರೆದಾಗಲೂ ಸುಲ್ತಾನಾ ಎದ್ದು ನಿಂತು, ಮತ್ತೆ ಕುಳಿತಳು.

ಕಿಟಕಿಯ ಬಿಸಿಲು ಗೋಡೆ ಹತ್ತಿದ ಮೇಲೆ ಸೌಂದರ್ಯ ಸ್ಟ್ರೆಚರ್ ತಂದು, ಮತ್ತೇನಾದರೂ ತಿಂದಿದ್ದಾಳಾ ಎಂದು ಕೇಳಿದಳು. ಸುಲ್ತಾನಾ ಅತ್ತೆಯ ಮುಖ ನೋಡಿದಳು.

“ಮುಂಜಾನಿ ತಿನಿಸಿದಾಕಿ ನಾನ್ರಿ,” ಎಂದಳು ಇಮಾಂಬೀ. “ಆಮ್ಯಾಲೆ ಹನಿ ನೀರೂ ಇಲ್ಲ.”

“ಉಗುಳು ನುಂಗಾಕೂ ಬಿಡ್ಲಿಲ್ಲ ಅಜ್ಜಿ,” ಎಂದಳು ಮುನ್ನಿ.

ಸೌಂದರ್ಯ ಅವಳನ್ನು ಎತ್ತಿ ಸ್ಟ್ರೆಚರಿನ ಮೇಲೆ ಮಲಗಿಸಿದಳು.